ಪೈಥಾನ್ ಟೆಸ್ಟ್ ಸೂಟ್ ಸಮಾನಾಂತರವಾಗಿ ಓಡಿಸುವುದು ಹೇಗೆ: ಹೆಜ್ಜೆ ತಪ್ಪದ ಹಾಗೆ ಒಂದು ಮಾರ್ಗದರ್ಶಿ

‘ಒಂದೊಂದಾಗಿ ಓಡಿಸಿದರೆ ಎಲ್ಲ ಪಾಸ್. ಎಂಟೆಂಟು ಒಟ್ಟಿಗೆ ಓಡಿಸಿದರೆ ಎರಡು ಫೇಲ್. ಇನ್ನೊಮ್ಮೆ ಓಡಿಸಿದರೆ ಆ ಎರಡೂ ಪಾಸ್, ಮತ್ಯಾವುದೋ ಒಂದು ಫೇಲ್.’ ಪೈಥಾನ್‌ನ ಮೂಲ ಕೋಡ್‌ಗೆ ಸಣ್ಣದೊಂದು ತಿದ್ದುಪಡಿ ಮಾಡಲು ಹೊರಟವರು ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಇದೇ. ಬಹಳ ಸಲ ಅವರ ಕೋಡ್ ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಹೆಜ್ಜೆಗಳ ಕ್ರಮ. ಮೊದಲ ದಿನವೇ ಇರುವ ಕೋರ್‌ಗಳನ್ನೆಲ್ಲ ಹಚ್ಚಿ ಓಡಿಸುತ್ತಾರೆ. ಕೆಂಪು ಸಾಲು ಕಂಡ ಮೇಲೆ ಎಲ್ಲಿಂದ ಹುಡುಕಬೇಕೆಂದು ಗೊತ್ತಾಗದೆ ಕೂರುತ್ತಾರೆ.

ಇಲ್ಲಿ ಹೇಳುತ್ತಿರುವುದು ಸಿಪೈಥಾನ್ (ಸಿ ಭಾಷೆಯಲ್ಲಿ ಬರೆದ, ಎಲ್ಲರೂ ಬಳಸುವ ಪೈಥಾನ್) ಮೂಲ ಕೋಡ್‌ನ ಜೊತೆಗೇ ಬರುವ ಟೆಸ್ಟ್ ಸೂಟ್ ಬಗ್ಗೆ. ಬೇರೆ ಭಾಷೆಗಳಲ್ಲಿ ಏನು ಬದಲಾಗುತ್ತದೆ ಎನ್ನುವುದು ಕೊನೆಯಲ್ಲಿದೆ. ಆಜ್ಞೆಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

## ಶುರು ಮಾಡುವ ಮೊದಲು ಬೇಕಾದವು

ಗಿಟ್‌ನಿಂದ ಇಳಿಸಿಕೊಂಡ ಮೂಲ ಕೋಡ್, ಒಂದು ಸಿ ಕಂಪೈಲರ್, ಮೇಕ್. ಇವಿಲ್ಲದೆ ಬಿಲ್ಡ್ ಆಗುವುದಿಲ್ಲ, ಇವು ನಿಮ್ಮಲ್ಲಿ ಇವೆ ಎಂದುಕೊಳ್ಳುತ್ತೇನೆ. ಜನ ಮರೆಯುವುದು ಇನ್ನೆರಡನ್ನು.

ಮೊದಲನೆಯದು ಯಂತ್ರದ ಲೆಕ್ಕ. ಲಿನಕ್ಸ್‌ನಲ್ಲಿ ‘ಎನ್‌ಪ್ರೋಕ್’ ಎಂದು ಟೈಪ್ ಮಾಡಿದರೆ ಎಷ್ಟು ಕೋರ್ ಸಿಗುತ್ತವೆ ಎಂದು ತಿಳಿಯುತ್ತದೆ, ‘ಫ್ರೀ -ಎಚ್’ ಎಂದರೆ ಎಷ್ಟು ಮೆಮೊರಿ ಖಾಲಿ ಇದೆ ಎಂದು. ಇವೆರಡನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತವೆ.

ಎರಡನೆಯದು ಲಾಗ್ ಫೈಲ್. ಪರದೆ ನೋಡಿಕೊಂಡು ಟೆಸ್ಟ್ ಓಡಿಸುವ ಅಭ್ಯಾಸ ಬಿಡಿ. ಪ್ರತಿ ಸಲವೂ ಔಟ್‌ಪುಟ್ ಒಂದು ಫೈಲಿಗೆ ಹೋಗಲಿ, ಫೈಲಿನ ಹೆಸರಿನಲ್ಲೇ ವರ್ಕರ್ ಸಂಖ್ಯೆ (ಎಷ್ಟು ಟೆಸ್ಟ್ ಫೈಲ್ ಒಟ್ಟಿಗೆ ಓಡಿದವು ಎನ್ನುವುದು) ಇರಲಿ. ಹತ್ತು ಸಲ ಓಡಿಸಿದ ಮೇಲೆ ‘ಅದು ಬಿದ್ದದ್ದು ಎಂಟರಲ್ಲೋ ನಾಲ್ಕರಲ್ಲೋ’ ಎಂದು ನೆನಪಿನಿಂದ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನನ್ನೂ ಸೇರಿಸಿ.

ರೂಟ್ ಬಳಕೆದಾರರಾಗಿ ಮಾತ್ರ ಓಡಿಸಬೇಡಿ. ಫೈಲ್ ಅನುಮತಿಗಳನ್ನು ಪರೀಕ್ಷಿಸುವ ಟೆಸ್ಟ್‌ಗಳು ರೂಟ್ ಅಡಿಯಲ್ಲಿ ಅರ್ಥ ಕಳೆದುಕೊಳ್ಳುತ್ತವೆ.

## ಹಂತ 1: ಬಿಲ್ಡ್ ಮಾಡಿ, ಆಮೇಲೆ ಮುಟ್ಟಬೇಡಿ

./ಕಾನ್ಫಿಗರ್ --ವಿತ್-ಪೈಡೀಬಗ್
ಮೇಕ್ -ಜೆ8

ಡೀಬಗ್ ಬಿಲ್ಡ್ ನಿಧಾನ, ಆದರೆ ಒಳಗಿನ ಅಸರ್ಟ್‌ಗಳೆಲ್ಲ ಎಚ್ಚರವಾಗಿರುವುದರಿಂದ ತಪ್ಪುಗಳು ಬೇಗ ಸಿಕ್ಕಿಬೀಳುತ್ತವೆ. ಮುಗಿದಾಗ ಅದೇ ಡೈರೆಕ್ಟರಿಯಲ್ಲಿ ಪೈಥಾನ್ ಎಂಬ ಪ್ರೋಗ್ರಾಂ ಇರುತ್ತದೆ. ಮ್ಯಾಕ್‌ನಲ್ಲಿ ಅದರ ಹೆಸರು ಪೈಥಾನ್.ಎಕ್ಸಿ. ವಿಂಡೋಸ್‌ನಿಂದ ದಾರಿ ತಪ್ಪಿ ಬಂದದ್ದಲ್ಲ ಅದು. ಮೂಲ ಕೋಡ್‌ನಲ್ಲಿ ದೊಡ್ಡಕ್ಷರದ ಪೈಥಾನ್ ಎಂಬ ಡೈರೆಕ್ಟರಿ ಆಗಲೇ ಇದೆ. ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆ ಮಾಡದ ಫೈಲ್ ವ್ಯವಸ್ಥೆಯಲ್ಲಿ ಒಂದೇ ಹೆಸರಿನ ಎರಡು ಒಟ್ಟಿಗೆ ಇರುವಂತಿಲ್ಲ.

ಇಲ್ಲಿ ಎಡವುವ ಜಾಗ: ಮೇಕ್‌ಗೆ ಕೊಟ್ಟ ‘ಜೆ8’ ಕಂಪೈಲ್ ಮಾಡುವುದಕ್ಕೆ ಮಾತ್ರ. ‘ಮೇಕ್ -ಜೆ8 ಟೆಸ್ಟ್’ ಎಂದರೆ ಟೆಸ್ಟ್‌ಗಳೂ ಎಂಟೆಂಟಾಗಿ ಓಡುತ್ತವೆ ಎಂದುಕೊಳ್ಳಬೇಡಿ. ಟೆಸ್ಟ್ ಓಡಿಸುವವನಿಗೆ ಆ ಸಂಖ್ಯೆಯನ್ನು ಬೇರೆಯಾಗಿಯೇ ಹೇಳಬೇಕು: ಮೇಕ್ ಮೂಲಕ ಹೋಗುವುದಾದರೆ ‘ಟೆಸ್ಟ್‌ಆಪ್ಟ್ಸ್’ ಎಂಬ ವೇರಿಯಬಲ್‌ನಲ್ಲಿ (ಅಷ್ಟೂ ದೊಡ್ಡಕ್ಷರ), ಇಲ್ಲವಾದರೆ ನೇರವಾಗಿ ಆಜ್ಞೆಯಲ್ಲಿ. ಕಲಿಯುವ ತನಕ ನೇರ ದಾರಿಯೇ ಒಳ್ಳೆಯದು. ಈಚಿನ ಆವೃತ್ತಿಗಳಲ್ಲಿ ‘ಮೇಕ್ ಟೆಸ್ಟ್’ ನಿಮ್ಮನ್ನು ಕೇಳದೆ ಸಮಾನಾಂತರ ಓಟ, ಕಲಸಿದ ಕ್ರಮ, ಬಿದ್ದವುಗಳ ಮರು ಓಟ ಎಲ್ಲವನ್ನೂ ತಾನೇ ಸೇರಿಸಿಕೊಳ್ಳುತ್ತದೆ. ಇಷ್ಟೆಲ್ಲ ಒಮ್ಮೆಗೇ ಬದಲಾದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಟೆಸ್ಟ್ ಓಡುತ್ತಿರುವಾಗ ಇನ್ನೊಂದು ಕಿಟಕಿಯಲ್ಲಿ ಮತ್ತೆ ಮೇಕ್ ಕೊಡಬಾರದು. ಓಡುತ್ತಿರುವ ಟೆಸ್ಟ್‌ಗಳು ಅದೇ ಡೈರೆಕ್ಟರಿಯ ಪೈಥಾನ್ ಅನ್ನು ಮತ್ತೆ ಮತ್ತೆ ಎಬ್ಬಿಸುತ್ತಿರುತ್ತವೆ. ನಡುವೆ ಅದು ಬದಲಾದರೆ ಬರುವ ತಪ್ಪುಗಳಿಗೆ ತಲೆಬುಡ ಇರುವುದಿಲ್ಲ. ಒಂದು ಮಧ್ಯಾಹ್ನವಿಡೀ ನಾನು ಬೆನ್ನು ಹತ್ತಿದ ಒಂದು ‘ಬಗ್’ ಹೀಗೆ ಹುಟ್ಟಿದ್ದು: ಪಕ್ಕದ ಟರ್ಮಿನಲ್‌ನಲ್ಲಿ ನಾನೇ ಕೊಟ್ಟಿದ್ದ ಮೇಕ್.

## ಹಂತ 2: ಮೊದಲು ಒಂದೇ ಸಾಲಿನಲ್ಲಿ

./ಪೈಥಾನ್ -ಎಮ್ ಟೆಸ್ಟ್ --ಸ್ಲೋಯೆಸ್ಟ್

ಎಷ್ಟು ವರ್ಕರ್ ಎಂದು ಹೇಳುವ ‘-ಜೆ’ ಆಯ್ಕೆ ಇಲ್ಲಿಲ್ಲ. ಬೇಸರವಾಗುತ್ತದೆ, ಗೊತ್ತು. ಆದರೂ ಒಮ್ಮೆ ಪೂರ್ತಿ ಓಡಿಸಿ. ಇದರಿಂದ ಮೂರು ವಿಷಯ ಕೈಗೆ ಸಿಗುತ್ತವೆ. ನಿಮ್ಮ ಯಂತ್ರದಲ್ಲಿ ಮೊದಲೇ ಬೀಳುತ್ತಿದ್ದ ಟೆಸ್ಟ್‌ಗಳು ಯಾವುವು? ಒಟ್ಟು ಎಷ್ಟು ಹೊತ್ತು ಹಿಡಿಯಿತು? ‘ಸ್ಲೋಯೆಸ್ಟ್’ ಹಾಕಿದ್ದರಿಂದ, ಅತಿ ನಿಧಾನದ ಹತ್ತು ಫೈಲ್‌ಗಳು ಯಾವುವು?

ಹಲವು ಟೆಸ್ಟ್‌ಗಳು ‘ಸ್ಕಿಪ್’ ಆದದ್ದು ಕಾಣುತ್ತದೆ. ನೆಟ್‌ವರ್ಕ್, ಆಡಿಯೊ, ಕಿಟಕಿ ತೆರೆಯುವ ಜಿಯುಐ, ಹೆಚ್ಚು ಸಿಪಿಯು ತಿನ್ನುವವು, ಇವೆಲ್ಲ ‘-ಯು’ ಆಯ್ಕೆಯಲ್ಲಿ ಅನುಮತಿ ಕೊಟ್ಟರೆ ಮಾತ್ರ ಓಡುತ್ತವೆ. ‘-ಯು ಆಲ್’ ಎಂದರೆ ಇವೆಲ್ಲಕ್ಕೂ ಒಪ್ಪಿಗೆ. ‘-ಯು ಆಲ್,-ಜಿಯುಐ’ ಎಂದರೆ ಜಿಯುಐ ಬಿಟ್ಟು ಉಳಿದವಕ್ಕೆ. ಸಮಾನಾಂತರವಾಗಿ ಓಡಿಸುವಾಗ ನಾನು ಎರಡನೆಯದನ್ನೇ ಬಳಸುತ್ತೇನೆ. ಪರದೆ ಇರುವುದು ಒಂದು, ಅದರ ಫೋಕಸ್‌ಗೆ ಎರಡು ಟೆಸ್ಟ್ ಒಟ್ಟಿಗೆ ಕೈಹಾಕಿದರೆ ಒಂದು ಬೀಳಲೇಬೇಕು. ನೀವು ಆ ಹೊತ್ತಿಗೆ ಮೌಸ್ ಮುಟ್ಟಿದರೂ ಅಷ್ಟೇ.

ಯಾವ ಆಯ್ಕೆಗಳನ್ನು ಇಲ್ಲಿ ಕೊಡುತ್ತೀರೋ ಮುಂದಿನ ಹಂತಗಳಲ್ಲೂ ಅವನ್ನೇ ಕೊಡಿ. ಒಂದು ಕಡೆ ‘-ಯು ಆಲ್’ ಹಾಕಿ ಇನ್ನೊಂದು ಕಡೆ ಬಿಟ್ಟು, ‘ಜೆ ಹಾಕಿದರೆ ಹೊಸ ಫೇಲ್ ಬರುತ್ತಿದೆ’ ಎಂದವರನ್ನು ಕಂಡಿದ್ದೇನೆ. ಆ ಟೆಸ್ಟ್‌ಗಳು ಮೊದಲ ಸಲ ಓಡಿಯೇ ಇರಲಿಲ್ಲ.

## ಹಂತ 3: ಜೆ1, ಯಾರೂ ಮಾಡದ ಹಂತ

./ಪೈಥಾನ್ -ಎಮ್ ಟೆಸ್ಟ್ -ಜೆ1

‘ಒಂದೇ ವರ್ಕರ್ ಅಂದ ಮೇಲೆ ಜೆ ಇಲ್ಲದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?’ ಎಂದು ಕೇಳುತ್ತಾರೆ. ಇಡೀ ವಿಷಯ ಕೂತಿರುವುದು ಈ ಪ್ರಶ್ನೆಯಲ್ಲಿ. ನಿಧಾನವಾಗಿ ನೋಡೋಣ.

ಜೆ ಇಲ್ಲದಾಗ ನೂರಾರು ಟೆಸ್ಟ್ ಫೈಲ್‌ಗಳೂ ಒಂದೇ ಪ್ರೋಸೆಸ್‌ನೊಳಗೆ, ಒಂದರ ಹಿಂದೊಂದು ಓಡುತ್ತವೆ. ಮೊದಲ ಫೈಲ್ ಬಿಟ್ಟುಹೋದ ಕಸ ಎರಡನೆಯದಕ್ಕೆ ಸಿಗುತ್ತದೆ: ಬದಲಾಯಿಸಿ ಮರಳಿ ಸರಿಮಾಡದ ಲೊಕೇಲ್ (ಭಾಷೆ, ಪ್ರದೇಶದ ಹೊಂದಿಕೆ), ಇಂಪೋರ್ಟ್ ಆದ ಮಾಡ್ಯೂಲ್, ನಿಲ್ಲಿಸದೆ ಬಿಟ್ಟ ಥ್ರೆಡ್ (ಒಂದೇ ಪ್ರೋಸೆಸ್ ಒಳಗೆ ಜೊತೆಯಾಗಿ ಓಡುವ ಕೆಲಸ). ಜೆ ಹಾಕಿದ ಕೂಡಲೇ, ಅದು ಒಂದೇ ಆದರೂ ಸರಿ, ಪ್ರತಿ ಟೆಸ್ಟ್ ಫೈಲಿಗೂ ಹೊಸ ಪ್ರೋಸೆಸ್ ಹುಟ್ಟುತ್ತದೆ. ಫೈಲ್ ಮುಗಿದಾಗ ಅದೂ ಸಾಯುತ್ತದೆ, ಕಸವೂ ಅದರ ಜೊತೆಗೇ ಹೋಗುತ್ತದೆ.

ಅಂದರೆ ಜೆ ಎರಡು ಕೆಲಸ ಮಾಡುತ್ತದೆ, ನಾವು ಒಂದನ್ನು ಮಾತ್ರ ಗಮನಿಸುತ್ತೇವೆ. ಫೈಲ್‌ಗಳನ್ನು ಒಂದರಿಂದ ಒಂದು ಬೇರ್ಪಡಿಸುತ್ತದೆ. ಹಲವನ್ನು ಒಟ್ಟಿಗೆ ಓಡಿಸುತ್ತದೆ. ಜೆ1 ಮೊದಲ ಕೆಲಸವನ್ನಷ್ಟೇ ಮಾಡುತ್ತದೆ, ಜೆ8 ಎರಡನ್ನೂ. ಆದ್ದರಿಂದ ಮೂರೂ ಓಟಗಳ ಫಲಿತಾಂಶ ಪಕ್ಕಪಕ್ಕ ಇಟ್ಟರೆ ರೋಗ ಎಲ್ಲಿದೆ ಎಂದು ತಾನಾಗಿಯೇ ಕಾಣುತ್ತದೆ:

- ಜೆ ಇಲ್ಲದೆ ಫೇಲ್, ಜೆ1ರಲ್ಲಿ ಪಾಸ್: ಹಿಂದೆ ಓಡಿದ ಯಾವುದೋ ಫೈಲ್ ಕಸ ಬಿಟ್ಟಿದೆ. ಬಿದ್ದ ಟೆಸ್ಟ್ ನಿರಪರಾಧಿ ಇರಬಹುದು.
- ಜೆ ಇಲ್ಲದೆ ಪಾಸ್, ಜೆ1ರಲ್ಲಿ ಫೇಲ್: ಈ ಟೆಸ್ಟ್ ಹಿಂದಿನವರ ಕಸದ ಮೇಲೇ ಬದುಕಿತ್ತು. ಅಥವಾ ತನ್ನ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತದೆ ಎಂದು ನಂಬಿತ್ತು, ವರ್ಕರ್‌ನ ಔಟ್‌ಪುಟ್ ಟರ್ಮಿನಲ್‌ಗೆ ನೇರವಾಗಿ ಹೋಗುವುದಿಲ್ಲ.
- ಜೆ1ರಲ್ಲಿ ಪಾಸ್, ಜೆ8ರಲ್ಲಿ ಫೇಲ್: ಪ್ರೋಸೆಸ್ ಬೇರೆಯಾದರೂ ಯಂತ್ರ ಒಂದೇ. ಪೋರ್ಟ್, ಫೈಲ್ ಹೆಸರು, ಸಮಯ, ಈ ಮೂರರಲ್ಲಿ ಒಂದಕ್ಕೆ ಜಗಳ.
- ಮೂರರಲ್ಲೂ ಫೇಲ್: ಸಮಾನಾಂತರದ ಮಾತೇ ಬೇಡ, ಕೋಡ್ ನೋಡಿ.

ಬೇರೆ ಏನು ಮರೆತರೂ ಈ ನಾಲ್ಕು ಸಾಲು ಮರೆಯಬೇಡಿ. ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ನಾನು ಕೊಡುವ ಉತ್ತರ ‘ಜೆ1 ಓಡಿಸಿ ಬನ್ನಿ’ ಅಷ್ಟೇ.

## ಹಂತ 4: ಎಷ್ಟು ವರ್ಕರ್?

ಎರಡರಿಂದ ಶುರು ಮಾಡಿ. ಆಮೇಲೆ ಕೋರ್‌ಗಳ ಅರ್ಧ, ಆಮೇಲೆ ಪೂರ್ತಿ. ಪ್ರತಿ ಸಲ ಒಟ್ಟು ಸಮಯ ಬರೆದುಕೊಳ್ಳಿ.

‘-ಜೆ0’ ಎಂದು ಕೊಟ್ಟರೆ ಪೈಥಾನ್ ತಾನೇ ಲೆಕ್ಕ ಹಾಕುತ್ತದೆ: ಇರುವ ಸಿಪಿಯುಗಳ ಜೊತೆಗೆ ಇನ್ನೆರಡು. ಆ ಎರಡು ಯಾಕೆಂದರೆ, ಕೆಲವು ಟೆಸ್ಟ್‌ಗಳು ಹೆಚ್ಚು ಹೊತ್ತು ಸ್ಲೀಪ್‌ನಲ್ಲೇ ಕಳೆಯುತ್ತವೆ. ಅವು ಮಲಗಿರುವಾಗ ಕೋರ್ ಸುಮ್ಮನಿರದಿರಲಿ ಎಂದು. ಸ್ವಂತ ಯಂತ್ರದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ.

ಕಂಟೇನರ್ (ಯಂತ್ರದೊಳಗೇ ಬೇರ್ಪಡಿಸಿಟ್ಟ ಜಾಗ) ಒಳಗೆ ಮಾತ್ರ ಇದು ಕೈಕೊಡುತ್ತದೆ. ನಿಮ್ಮ ಕಂಟೇನರ್‌ಗೆ ಎರಡು ಸಿಪಿಯುನಷ್ಟು ಸಮಯ ಮಾತ್ರ ಎಂದು ಮಿತಿ ಹಾಕಿರಬಹುದು, ಹೊರಗಿನ ಯಂತ್ರಕ್ಕೆ 32 ಇರಬಹುದು. ಆ ಬಗೆಯ ಮಿತಿ ಸಿಪಿಯು ಎಣಿಸುವ ಕೋಡ್‌ಗೆ ಕಾಣುವುದಿಲ್ಲ. ಎರಡು ಕೋರ್‌ನ ಜಾಗದಲ್ಲಿ 34 ವರ್ಕರ್ ಎದ್ದು ನಿಲ್ಲುತ್ತವೆ, ಒಂದಕ್ಕೂ ಉಸಿರಾಡಲು ಸಮಯ ಸಿಗದೆ ಟೈಮ್‌ಔಟ್ ಮೇಲೆ ಟೈಮ್‌ಔಟ್ ಬೀಳುತ್ತದೆ. ಕಂಟೇನರ್ ಆದರೆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿ: ‘-ಜೆ2’ ಅಥವಾ ‘-ಜೆ3’. ಪೈಥಾನ್ 3.13 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ‘ಪೈಥಾನ್_ಸಿಪಿಯು_ಕೌಂಟ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲೂ (ಪೂರ್ತಿ ದೊಡ್ಡಕ್ಷರ) ಹೇಳಬಹುದು.

ಮೆಮೊರಿ ನೋಡಿಕೊಳ್ಳಿ. ಎಂಟು ವರ್ಕರ್ ಎಂದರೆ ಎಂಟು ಪ್ರೋಸೆಸ್ ಅಲ್ಲ. ಮಲ್ಟಿಪ್ರೋಸೆಸಿಂಗ್, ಸಬ್‌ಪ್ರೋಸೆಸ್ ಟೆಸ್ಟ್‌ಗಳು ತಾವೇ ಇನ್ನಷ್ಟು ಮರಿ ಹಾಕುತ್ತವೆ. ಮೆಮೊರಿ ಮುಗಿದಾಗ ಲಿನಕ್ಸ್ ಯಾವುದೋ ಒಂದು ಪ್ರೋಸೆಸ್ ಅನ್ನು ಕೊಂದುಬಿಡುತ್ತದೆ. ಲಾಗ್‌ನಲ್ಲಿ ನಿಮಗೆ ಕಾಣುವುದು ವರ್ಕರ್ -9 ಎಂಬ (ಪ್ರೋಗ್ರಾಂ ಹೇಗೆ ಮುಗಿಯಿತು ಎಂದು ಹೇಳುವ) ಎಕ್ಸಿಟ್ ಕೋಡ್‌ನೊಂದಿಗೆ ಸತ್ತ ಸುದ್ದಿ ಮಾತ್ರ. ಮೈನಸ್ ಒಂಬತ್ತು ಕಂಡರೆ ಟೆಸ್ಟ್ ಕೋಡ್ ತೆರೆಯಬೇಡಿ. ಕರ್ನಲ್ ಲಾಗ್ ತೋರಿಸುವ ‘ಡಿಮೆಸ್ಗ್’ ಆಜ್ಞೆಯ ಕೊನೆಯ ಸಾಲುಗಳನ್ನು ನೋಡಿ, ವರ್ಕರ್ ಕಡಿಮೆ ಮಾಡಿ. ಮೈನಸ್ ಹನ್ನೊಂದು ಕಂಡರೆ ಅದು ಬೇರೆ ಕತೆ: ಸೆಗ್‌ಫಾಲ್ಟ್, ನಿಜವಾದ ಕ್ರ್ಯಾಶ್.

ಇನ್ನು ವೇಗದ ಲೆಕ್ಕ. ಕೆಲಸ ಹಂಚುವುದು ಫೈಲ್ ಲೆಕ್ಕದಲ್ಲಿ, ಒಳಗಿನ ಒಂದೊಂದು ಟೆಸ್ಟ್ ಲೆಕ್ಕದಲ್ಲಲ್ಲ. ಉದಾಹರಣೆಗೆ ಒಂದೇ ಸಾಲಿನಲ್ಲಿ 32 ನಿಮಿಷ ಹಿಡಿಯಿತು ಎನ್ನಿ. ಎಂಟು ವರ್ಕರ್ ಹಚ್ಚಿದರೆ ನಾಲ್ಕು ನಿಮಿಷಕ್ಕೆ ಮುಗಿಯಬೇಕು. ಆದರೆ ಅದರಲ್ಲಿ ಒಂದೇ ಫೈಲ್ ಆರು ನಿಮಿಷದ್ದಾದರೆ, ನೂರು ವರ್ಕರ್ ತಂದರೂ ಆರಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ಫೈಲಿನ ಸರದಿ ಮೂರನೇ ನಿಮಿಷಕ್ಕೆ ಬಂದರೆ ಮುಗಿಯುವುದು ಒಂಬತ್ತಕ್ಕೆ, ಕೊನೆಯಲ್ಲಿ ಏಳು ವರ್ಕರ್ ಕೈಕಟ್ಟಿ ಕೂತಿರುತ್ತವೆ. ಎರಡನೇ ಹಂತದಲ್ಲಿ ನಿಧಾನದ ಹತ್ತು ಫೈಲ್‌ಗಳ ಪಟ್ಟಿ ಬರೆದುಕೊಳ್ಳಿ ಎಂದದ್ದು ಇದಕ್ಕೇ. ಸಿಪೈಥಾನ್‌ನಲ್ಲೇ ಅಸಿಂಕ್‌ಐಒ, ಕಾಂಕರೆಂಟ್ ಫ್ಯೂಚರ್ಸ್, ಮಲ್ಟಿಪ್ರೋಸೆಸಿಂಗ್‌ನ ದೊಡ್ಡ ಟೆಸ್ಟ್‌ಗಳನ್ನು ಹಲವು ಫೈಲ್‌ಗಳಾಗಿ ಒಡೆದು, ಒಂದೊಂದನ್ನೂ ಬೇರೆ ಬೇರೆ ವರ್ಕರ್‌ಗೆ ಕೊಡುವ ಏರ್ಪಾಡಿದೆ. ವರ್ಕರ್ ಹೆಚ್ಚಿಸಿದರೂ ಸಮಯ ಇಳಿಯುತ್ತಿಲ್ಲವಾದರೆ ಒಡೆಯಬೇಕಾದ ಫೈಲ್ ಹುಡುಕಿ, ಹೊಸ ಯಂತ್ರವನ್ನಲ್ಲ.

## ಹಂತ 5: ಪರದೆಯ ಸಾಲನ್ನು ಓದಲು ಕಲಿಯಿರಿ

ಸಮಾನಾಂತರ ಓಟದಲ್ಲಿ ಬರುವ ಒಂದು ಸಾಲು ಹೀಗಿರುತ್ತದೆ:

0:02:41 ಲೋಡ್ ಆವರೇಜ್: 9.12 [311/478/1] ಟೆಸ್ಟ್_ಸಾಕೆಟ್ ಫೇಲ್ಡ್ -- ರನ್ನಿಂಗ್ (2): ಟೆಸ್ಟ್_ಪಿಕಲ್ (41.3 ಸೆಕೆಂಡ್), ಟೆಸ್ಟ್_ಐಒ (33.0 ಸೆಕೆಂಡ್)

ಮೊದಲನೆಯದು ಶುರುವಾಗಿ ಎಷ್ಟು ಹೊತ್ತಾಯಿತು ಎನ್ನುವುದು. ಲೋಡ್ ಆವರೇಜ್ ಯಂತ್ರದ ಮೇಲಿನ ಹೊರೆ. ಚೌಕ ಆವರಣದಲ್ಲಿ 478ರಲ್ಲಿ 311 ಮುಗಿದಿವೆ, ಇಲ್ಲಿಯವರೆಗೆ ಬಿದ್ದದ್ದು 1. ‘ರನ್ನಿಂಗ್’ ಎಂದ ಮೇಲೆ ಬರುವವು 30 ಸೆಕೆಂಡ್ ದಾಟಿಯೂ ಮುಗಿಯದ ಟೆಸ್ಟ್‌ಗಳು.

ಎಲ್ಲರ ಕಣ್ಣೂ ‘ಫೇಲ್ಡ್’ ಎಂಬ ಪದದ ಮೇಲೇ ಇರುತ್ತದೆ. ನಾನು ಮೊದಲು ನೋಡುವುದು ಲೋಡ್. ಎಂಟು ಕೋರ್ ಇರುವ ಕಡೆ ಲೋಡ್ 9, 10 ಇದ್ದರೆ ಅದು ಸಹಜ. 30, 40 ಇದ್ದು ಅದೇ ಹೊತ್ತಿಗೆ ಏನೋ ಬಿದ್ದರೆ, ಬಿದ್ದದ್ದು ಸಮಯದ ಕೊರತೆಯಿಂದ ಎಂಬ ಅನುಮಾನ ಮೊದಲು ಬರಬೇಕು. ಆಮೇಲೆ ‘ರನ್ನಿಂಗ್’ ಪಟ್ಟಿ: ಬಿದ್ದ ಟೆಸ್ಟಿನ ಜೊತೆ ಆ ಕ್ಷಣದಲ್ಲಿ ಪಕ್ಕದಲ್ಲಿ ಇನ್ಯಾರಿದ್ದರು? ಮೂರು ಲಾಗ್‌ಗಳಲ್ಲೂ ಪಕ್ಕದವರು ಒಬ್ಬರೇ ಆಗಿದ್ದರೆ ಜಗಳ ಯಾರ ಜೊತೆ ಎಂದು ಗೊತ್ತಾದ ಹಾಗೆಯೇ.

ಎಚ್ಚರಿಕೆಯ ಇನ್ನೆರಡು ಚಿಹ್ನೆಗಳು: ಎಕ್ಸಿಕ್ಯೂಷನ್ ಎನ್ವಿರಾನ್ಮೆಂಟ್ ಬದಲಾಯಿತು ಎಂಬ ‘ಎನ್ವ್ ಚೇಂಜ್ಡ್’ ಸೂಚನೆ, ಮತ್ತು ಡ್ಯಾಂಗ್ಲಿಂಗ್ ಥ್ರೆಡ್ ಎಂಬ ವಾರ್ನಿಂಗ್. ಟೆಸ್ಟ್ ಪಾಸ್ ಆಗಿದ್ದರೂ ಏನನ್ನೋ ಮುಚ್ಚದೆ ಹೋಗಿದೆ ಎಂದರ್ಥ. ಇವತ್ತು ಇದರಿಂದ ಯಾರಿಗೂ ತೊಂದರೆ ಇಲ್ಲದಿರಬಹುದು. ‘--ಫೇಲ್-ಎನ್ವ್-ಚೇಂಜ್ಡ್’ ಹಾಕಿದರೆ ಇವೂ ಫೇಲ್ ಲೆಕ್ಕಕ್ಕೆ ಬರುತ್ತವೆ, ನಾನು ಯಾವಾಗಲೂ ಹಾಕುತ್ತೇನೆ.

## ಹಂತ 6: ಬಿದ್ದದ್ದನ್ನು ಮತ್ತೆ ಬೀಳಿಸುವುದು

ಇಲ್ಲಿ ಅವಸರ ಬೇಡ. ಮತ್ತೆ ಬೀಳಿಸಲು ಬಾರದ ಟೆಸ್ಟನ್ನು ಸರಿಪಡಿಸಿದೆ ಎಂದು ಹೇಳುವ ಹಾಗಿಲ್ಲ.

ಕ್ರಮ ಕಲಸಿ ಓಡಿಸಿದ್ದರೆ (‘-ಆರ್’), ಲಾಗ್‌ನಲ್ಲಿ ರ‍್ಯಾಂಡಮ್ ಸೀಡ್ ಎಂಬ ಸಂಖ್ಯೆ ಇರುತ್ತದೆ. ‘--ರ‍್ಯಾಂಡ್‌ಸೀಡ್’ ಜೊತೆ ಅದನ್ನೇ ಕೊಟ್ಟು ಮತ್ತೆ ಓಡಿಸಿ. ಇದು ಫೈಲ್‌ಗಳು ಹೊರಡುವ ಕ್ರಮವನ್ನು ಹಿಡಿದಿಡುತ್ತದೆ. ಎಂಟು ವರ್ಕರ್ ಇದ್ದಾಗ ಯಾವುದು ಯಾವುದರ ಜೊತೆ ಎಷ್ಟು ಹೊತ್ತಿಗೆ ಹೆಣೆದುಕೊಳ್ಳುತ್ತದೆ ಎನ್ನುವುದು ಸೀಡ್‌ನ ಕೈಯಲ್ಲಿಲ್ಲ. ‘ಅದೇ ಸೀಡ್ ಕೊಟ್ಟರೂ ಬೀಳಲಿಲ್ಲ, ಹಾಗಾದರೆ ಸರಿಯಾಯಿತು’ ಎಂಬ ತೀರ್ಮಾನಕ್ಕೆ ಬರಬೇಡಿ.

ಬಿದ್ದ ಫೈಲ್ ಒಂದನ್ನೇ ಹಿಡಿದು ಹೀಗೆ ಓಡಿಸಿ:

./ಪೈಥಾನ್ -ಎಮ್ ಟೆಸ್ಟ್ -ಜೆ20 -ಎಫ್ ಟೆಸ್ಟ್_ಸಾಕೆಟ್

ಇಲ್ಲಿನ ಎಫ್ ದೊಡ್ಡಕ್ಷರ. ಬೀಳುವವರೆಗೂ ಬಿಡಬೇಡ ಎಂದು ಅದರರ್ಥ. ಜೆ20 ಇರುವುದರಿಂದ ಒಂದೇ ಟೆಸ್ಟಿನ ಇಪ್ಪತ್ತು ಪ್ರತಿಗಳು ಒಟ್ಟಿಗೆ ನುಗ್ಗುತ್ತವೆ. ಒಂದೇ ಪೋರ್ಟ್ ಅಥವಾ ಒಂದೇ ಫೈಲ್ ಹೆಸರನ್ನು ನಂಬಿರುವ ಟೆಸ್ಟ್ ಈ ನೂಕುನುಗ್ಗಲಿನಲ್ಲಿ ಕೆಲವೇ ಸೆಕೆಂಡಿಗೆ ಬೀಳುತ್ತದೆ. ಸಮಯವನ್ನು ನಂಬಿರುವುದೂ ಬೀಳುತ್ತದೆ, ಸ್ವಲ್ಪ ತಡವಾಗಿ. ಕೋರ್‌ಗಳಿಗಿಂತ ಹೆಚ್ಚು ವರ್ಕರ್ ಹಾಕಿದ್ದು ಬೇಕೆಂದೇ. ಯಂತ್ರ ಸುಸ್ತಾಗಲಿ, ಗುಟ್ಟು ಹೊರಬರಲಿ.

ಫೈಲಿನೊಳಗೆ ಯಾವ ಟೆಸ್ಟ್ ಎಂದು ಗೊತ್ತಾದ ಮೇಲೆ ‘-ಎಮ್’ ಆಯ್ಕೆಗೆ ಅದರ ಹೆಸರು ಕೊಟ್ಟು ಇನ್ನೂ ಕಿರಿದು ಮಾಡಿ. ‘ಟೆಸ್ಟ್’ ಎಂಬ ಪದದ ಹಿಂದೆ ಬರುವ ಎಮ್ ಪೈಥಾನ್‌ನದ್ದು, ಮುಂದೆ ಬರುವ ಎಮ್ ಟೆಸ್ಟ್ ಓಡಿಸುವವನದ್ದು. ಎರಡೂ ಬೇರೆ. ಹಲವು ಟೆಸ್ಟ್‌ಗಳು ಸೇರಿದರೆ ಮಾತ್ರ ಬೀಳುತ್ತದೆ ಎನ್ನುವ ಅನುಮಾನವಿದ್ದರೆ ‘ಟೆಸ್ಟ್.ಬೈಸೆಕ್ಟ್_ಸಿಎಂಡಿ’ ಎಂಬ ಮಾಡ್ಯೂಲ್ ಪಟ್ಟಿಯನ್ನು ಕಡಿದು ಕಡಿದು ಕನಿಷ್ಠ ಗುಂಪನ್ನು ಹುಡುಕಿಕೊಡುತ್ತದೆ.

ಸಿಕ್ಕಿಹಾಕಿಕೊಂಡು ಮುಗಿಯದೇ ಇರುವ ಟೆಸ್ಟಿಗೆ ‘--ಟೈಮ್‌ಔಟ್=600’ ಕೊಡಿ. ಹತ್ತು ನಿಮಿಷ ದಾಟಿದರೆ ಪ್ರತಿ ಥ್ರೆಡ್ ಎಲ್ಲಿ ನಿಂತಿತ್ತು ಎನ್ನುವ ಟ್ರೇಸ್‌ಬ್ಯಾಕ್ ಅನ್ನು ಲಾಗ್‌ಗೆ ಬರೆದು ನಿಲ್ಲುತ್ತದೆ. ಕಂಟ್ರೋಲ್-ಸಿ ಒತ್ತಿ ಕೊಂದರೆ ಈ ಸಾಕ್ಷಿ ಸಿಗುವುದಿಲ್ಲ.

## ಹಂತ 7: ಸರಿಪಡಿಸುವುದು

ಪೋರ್ಟ್. 8080, 9999 ಎಂದು ಟೆಸ್ಟಿನಲ್ಲಿ ಸಂಖ್ಯೆ ಬರೆದಿದ್ದರೆ ಅದೇ ರೋಗ. ಪೋರ್ಟ್ ಸೊನ್ನೆಗೆ ಬೈಂಡ್ ಮಾಡಿ, ಖಾಲಿ ಇರುವುದನ್ನು ಕರ್ನಲ್ ಕೊಡುತ್ತದೆ. ಯಾವುದು ಸಿಕ್ಕಿತೆಂದು ಸಾಕೆಟ್ ಅನ್ನೇ ಕೇಳಿ. ಪೈಥಾನ್‌ನ ಟೆಸ್ಟ್ ಸಹಾಯಕ ಕೋಡ್‌ನಲ್ಲಿ ‘ಬೈಂಡ್_ಪೋರ್ಟ್’ ಮಾಡುವುದು ಇದನ್ನೇ. ಪಕ್ಕದಲ್ಲೇ ‘ಫೈಂಡ್_ಅನ್‌ಯೂಸ್ಡ್_ಪೋರ್ಟ್’ ಕೂಡ ಇದೆ, ಹೆಸರು ನೋಡಿ ಮರುಳಾಗಬೇಡಿ. ಅದು ಖಾಲಿ ಪೋರ್ಟ್ ಹುಡುಕಿ, ಮುಚ್ಚಿ, ಸಂಖ್ಯೆಯನ್ನಷ್ಟೇ ನಿಮ್ಮ ಕೈಗೆ ಕೊಡುತ್ತದೆ. ನೀವು ಅದನ್ನು ಮತ್ತೆ ತೆರೆಯುವಷ್ಟರಲ್ಲಿ ಇನ್ನೊಂದು ವರ್ಕರ್ ಅದನ್ನೇ ಹಿಡಿದಿರಬಹುದು. ಬಸ್ಸಿನಲ್ಲಿ ಖಾಲಿ ಸೀಟು ನೋಡಿಟ್ಟು ಕೆಳಗಿಳಿದು ಬಂದ ಹಾಗೆ. ಬೇರೆ ಪ್ರೋಗ್ರಾಂಗೆ ಸಂಖ್ಯೆಯನ್ನೇ ಕೊಡಬೇಕಾದ ಅನಿವಾರ್ಯ ಇದ್ದಾಗ ಮಾತ್ರ ಅದನ್ನು ಬಳಸಿ.

ಫೈಲ್. ಪ್ರತಿ ವರ್ಕರ್‌ಗೂ ಬಿಲ್ಡ್ ಡೈರೆಕ್ಟರಿಯಡಿ ತನ್ನದೇ ಕೆಲಸದ ಡೈರೆಕ್ಟರಿ ಇರುತ್ತದೆ, ‘ಟೆಸ್ಟ್ ಎಫ್‌ಎನ್’ (ಒಂದೇ ಪದ, ಪೂರ್ತಿ ದೊಡ್ಡಕ್ಷರ) ಎಂಬ ತಾತ್ಕಾಲಿಕ ಫೈಲ್ ಹೆಸರಿನಲ್ಲಿ ಪ್ರೋಸೆಸ್ ಸಂಖ್ಯೆ ಸೇರಿರುತ್ತದೆ. ಆದ್ದರಿಂದ ಆ ಹೆಸರನ್ನು ಅಥವಾ ಟೆಂಪ್‌ಫೈಲ್ ಮಾಡ್ಯೂಲ್ ಅನ್ನು ಬಳಸುವವರೆಗೆ ತೊಂದರೆ ಇಲ್ಲ. ತೊಂದರೆ ಬರುವುದು ‘/ಟಿಎಂಪಿ/ಡೇಟಾ’ ಎಂದು ಪೂರ್ತಿ ದಾರಿಯನ್ನು ಕೈಯಲ್ಲಿ ಬರೆದಾಗ, ಹೋಮ್ ಡೈರೆಕ್ಟರಿಗೆ ಕೈಹಾಕಿದಾಗ, ಅಥವಾ ಟೆಸ್ಟ್‌ಗಳ ಜೊತೆ ಇಟ್ಟಿರುವ ಮೂಲ ಡೇಟಾ ಫೈಲನ್ನೇ ತಿದ್ದಿದಾಗ. ಮೂರನೆಯದು ಹುಡುಕಲು ಬಲು ಕಷ್ಟ. ಓಡಿಸಿದ ಮೇಲೆ ‘ಗಿಟ್ ಸ್ಟೇಟಸ್’ ಕೊಟ್ಟು ಏನಾದರೂ ಬದಲಾಗಿದೆಯೇ ನೋಡಿ. ಅರ್ಧಕ್ಕೇ ಕೊಂದ ಓಟಗಳು ಬಿಟ್ಟುಹೋದ ಡೈರೆಕ್ಟರಿಗಳನ್ನು ‘--ಕ್ಲೀನಪ್’ ಗುಡಿಸುತ್ತದೆ.

ಸಮಯ. ಅತಿ ಹೆಚ್ಚು ಕಾಡುವುದು ಇದೇ. ‘ಥ್ರೆಡ್ ಶುರು ಮಾಡು, 0.1 ಸೆಕೆಂಡ್ ಮಲಗು, ಅಷ್ಟರಲ್ಲಿ ಕೆಲಸ ಆಗಿರುತ್ತದೆ’ ಎಂದು ಬರೆದ ಟೆಸ್ಟ್, ಖಾಲಿ ಯಂತ್ರದಲ್ಲಿ ವರ್ಷಗಟ್ಟಲೆ ಪಾಸ್ ಆಗುತ್ತದೆ. ಹೊರೆ ಬಿದ್ದ ದಿನ ಆ 0.1 ಸೆಕೆಂಡಿನಲ್ಲಿ ಥ್ರೆಡ್‌ಗೆ ಸಿಪಿಯು ಸಿಕ್ಕೇ ಇರುವುದಿಲ್ಲ.

ಎಲ್ಲರಿಗೂ ಮೊದಲು ಹೊಳೆಯುವ ಮದ್ದು 0.1 ಅನ್ನು 1 ಮಾಡುವುದು. ಮಾಡಬೇಡಿ. ಟೆಸ್ಟ್ ಹತ್ತು ಪಟ್ಟು ನಿಧಾನವಾಗುತ್ತದೆ, ಬೀಳುವುದೂ ನಿಲ್ಲುವುದಿಲ್ಲ, ಅಪರೂಪವಾಗುತ್ತದೆ ಅಷ್ಟೇ. ಅಪರೂಪದ ಫೇಲ್ ಹುಡುಕುವುದು ಇನ್ನೂ ಕಷ್ಟ. ಕೆಲಸ ಮುಗಿದಾಗ ಥ್ರೆಡ್ ಒಂದು ಈವೆಂಟ್ ಎತ್ತಲಿ, ಟೆಸ್ಟ್ ಅದಕ್ಕೆ ಕಾಯಲಿ. ಈವೆಂಟ್ ಇಡಲು ಆಗದ ಕಡೆ ‘ಸ್ಲೀಪಿಂಗ್_ರೀಟ್ರೈ’ ಎಂಬ ಸಹಾಯಕವಿದೆ, ಷರತ್ತು ಈಡೇರುವವರೆಗೆ ಸ್ವಲ್ಪ ಮಲಗಿ ಮತ್ತೆ ನೋಡುತ್ತದೆ. ಎಷ್ಟು ಹೊತ್ತಿನ ಮೇಲೆ ಕೈಬಿಡಬೇಕು ಎನ್ನುವುದಕ್ಕೂ ಸ್ವಂತ ಸಂಖ್ಯೆ ಕಟ್ಟಬೇಡಿ. ‘ಶಾರ್ಟ್_ಟೈಮ್‌ಔಟ್’ (30 ಸೆಕೆಂಡ್), ‘ಲಾಂಗ್_ಟೈಮ್‌ಔಟ್’ (5 ನಿಮಿಷ) ಎಂಬ ಸ್ಥಿರಾಂಕಗಳು ಇವೆ, ಎರಡೂ ಪೂರ್ತಿ ದೊಡ್ಡಕ್ಷರ. 30 ಸೆಕೆಂಡ್ ಎಂದರೆ ಬಹಳವಾಯಿತು ಎನಿಸಬಹುದು. ಎಲ್ಲ ಸರಿ ಇದ್ದಾಗ ಟೆಸ್ಟ್ ಅಷ್ಟು ಕಾಯುವುದೇ ಇಲ್ಲ, ಕೆಲಸ ಆದ ಕೂಡಲೇ ಮುಂದೆ ಹೋಗುತ್ತದೆ.

‘ಇದು ಅರ್ಧ ಸೆಕೆಂಡಿನೊಳಗೆ ಮುಗಿಯಬೇಕು’ ಎಂದು ಮೇಲಿನ ಮಿತಿ ಹಾಕಿದ ಟೆಸ್ಟ್‌ಗಳೂ ಇದೇ ಜಾತಿ. ವೇಗ ಅಳೆಯುವುದು ಬೆಂಚ್‌ಮಾರ್ಕ್‌ನ ಕೆಲಸ. ಟೆಸ್ಟಿನಲ್ಲಿ ಆ ಸಾಲು ಕಂಡರೆ ನಾನು ತೆಗೆದುಹಾಕಿ ಎನ್ನುತ್ತೇನೆ, ಜಗಳ ಆದರೂ ಪರವಾಗಿಲ್ಲ.

ಸರಿಪಡಿಸಿದ ಮೇಲೆ ಆರನೇ ಹಂತದ ಜೆ20 ಓಟವನ್ನೇ ಮತ್ತೆ ಮಾಡಿ. ಮೊದಲು ಎರಡು ನಿಮಿಷದಲ್ಲಿ ಬೀಳುತ್ತಿದ್ದರೆ ಈಗ ಅರ್ಧ ಗಂಟೆ ಬಿಡಿ.

## ಹಂತ 8: ಸಿಐಗೆ ಹಾಕುವಾಗ

ಸಿಐ ಎಂದರೆ ಕೋಡ್ ಬದಲಾದಾಗಲೆಲ್ಲ ಟೆಸ್ಟ್ ಅನ್ನು ತಾನಾಗಿಯೇ ಓಡಿಸುವ ಏರ್ಪಾಡು. ಲಾಗ್ ಉಳಿಸಲು, ಪರದೆಗೂ ಫೈಲಿಗೂ ಬರೆಯುವ ಟೀ ಆಜ್ಞೆಗೆ ಪೈಪ್ ಮಾಡುತ್ತೀರಿ. ಶೆಲ್‌ಗೆ ಕಾಣುವುದು ಪೈಪಿನ ಕೊನೆಯ ಆಜ್ಞೆಯ ಎಕ್ಸಿಟ್ ಕೋಡ್, ಅಂದರೆ ಟೀಯದ್ದು. ಟೀ ಯಾವಾಗಲೂ ಗೆಲ್ಲುತ್ತದೆ. ಟೆಸ್ಟ್ ಬಿದ್ದರೂ ಸಿಐ ಹಸಿರು. ನಾನು ಕೆಲಸ ಮಾಡಿದ ಒಂದು ಕಡೆ ಎರಡು ವಾರ ಹೀಗೆ ಹಸಿರು ನೋಡಿಕೊಂಡು ಖುಷಿಯಾಗಿದ್ದೆವು. ಬ್ಯಾಶ್ ಆದರೆ ಮೊದಲ ಸಾಲಿನಲ್ಲೇ ‘ಸೆಟ್ -ಒ ಪೈಪ್‌ಫೇಲ್’ ಬರೆಯಿರಿ.

‘--ರೀರನ್’ ಹಾಕಿದರೆ ಬಿದ್ದವನ್ನು ಕೊನೆಯಲ್ಲಿ ಹೊಸ ಪ್ರೋಸೆಸ್‌ನಲ್ಲಿ, ವಿವರವಾದ ಔಟ್‌ಪುಟ್‌ನೊಂದಿಗೆ ಮತ್ತೆ ಓಡಿಸುತ್ತದೆ. ಆಗ ಪಾಸ್ ಆದರೆ ಕೊನೆಯ ಸಾಲಿನಲ್ಲಿ ‘ಫೇಲ್ಯೂರ್ ದೆನ್ ಸಕ್ಸೆಸ್’ ಎಂದು ಬರುತ್ತದೆ, ಎಕ್ಸಿಟ್ ಕೋಡ್ ಸೊನ್ನೆ. ಇದನ್ನು ಪಾಸ್ ಎಂದು ಓದಬೇಡಿ. ಜನಸಂದಣಿಯಲ್ಲಿ ಬಿದ್ದು ಒಂಟಿಯಾಗಿ ಎದ್ದ ಟೆಸ್ಟ್ ಎಂದರೆ ಮೇಲಿನ ಮೂರು ಜಗಳಗಳಲ್ಲಿ ಒಂದು ಖಂಡಿತ ಇದೆ. ವಾರಕ್ಕೊಮ್ಮೆ ಲಾಗ್‌ಗಳಲ್ಲಿ ಆ ಪದಗಳನ್ನು ಹುಡುಕಿ ಪಟ್ಟಿ ಮಾಡುವವರು ಇಲ್ಲದಿದ್ದರೆ ‘--ಫೇಲ್-ರೀರನ್’ ಕೂಡ ಸೇರಿಸಿ. ಆಗ ಎಕ್ಸಿಟ್ ಕೋಡ್ 5 ಆಗುತ್ತದೆ.

ದೊಡ್ಡಕ್ಷರದ ‘-ಡಬ್ಲ್ಯು’ ಹಾಕಿದರೆ ಬಿದ್ದ ಟೆಸ್ಟಿನ ಔಟ್‌ಪುಟ್ ಮಾತ್ರ ಲಾಗ್‌ಗೆ ಬರುತ್ತದೆ. ಓದಲು ಸುಲಭ.

## ಬೇರೆ ಭಾಷೆಯಾದರೆ

ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇಲ್ಲಿ ಬೇರ್ಪಡಿಸುವುದು ಪ್ರೋಸೆಸ್ ಲೆಕ್ಕದಲ್ಲೋ, ಥ್ರೆಡ್ ಲೆಕ್ಕದಲ್ಲೋ?

ಪಿಎಚ್‌ಪಿಯ ಟೆಸ್ಟ್ ಓಡಿಸುವ ಸ್ಕ್ರಿಪ್ಟ್‌ಗೆ 7.4ರಿಂದ ಜೆ ಆಯ್ಕೆ ಇದೆ, ಪ್ರೋಸೆಸ್ ಲೆಕ್ಕ. ಅಲ್ಲಿ ಒಂದು ಒಳ್ಳೆಯ ಏರ್ಪಾಡು: ಟೆಸ್ಟ್ ಫೈಲಿನಲ್ಲೇ ‘ಕಾನ್‌ಫ್ಲಿಕ್ಟ್ಸ್’ ಎಂಬ ಭಾಗದಲ್ಲಿ ತಾನು ಯಾವ ಸಂಪನ್ಮೂಲಕ್ಕೆ ಕೈಹಾಕುತ್ತೇನೆ ಎಂದು ಬರೆಯಬಹುದು, ಒಂದೇ ಹೆಸರು ಬರೆದ ಎರಡು ಟೆಸ್ಟ್‌ಗಳು ಒಟ್ಟಿಗೆ ಓಡುವುದಿಲ್ಲ. ಪರ್ಲ್‌ನಲ್ಲಿ ‘ಟೆಸ್ಟ್_ಜಾಬ್ಸ್’ ಎಂಬ ವೇರಿಯಬಲ್‌ಗೆ (ದೊಡ್ಡಕ್ಷರ) ಸಂಖ್ಯೆ ಕೊಟ್ಟು ‘ಮೇಕ್ ಟೆಸ್ಟ್_ಹಾರ್ನೆಸ್’ ಎನ್ನಬೇಕು. ರೂಬಿಯಲ್ಲಿ ‘ಮೇಕ್ ಟೆಸ್ಟ್-ಆಲ್’ ಜೊತೆ ‘ಟೆಸ್ಟ್ಸ್’ ವೇರಿಯಬಲ್‌ಗೆ (ದೊಡ್ಡಕ್ಷರ) ‘-ಜೆ8’ ಕೊಡಬೇಕು.

ಗೋ ಭಾಷೆಯಲ್ಲಿ ಎರಡು ಮಟ್ಟ. ಪ್ಯಾಕೇಜ್‌ಗಳು ಬೇರೆ ಬೇರೆ ಪ್ರೋಸೆಸ್‌ಗಳಾಗಿ ತಾವಾಗಿಯೇ ಒಟ್ಟಿಗೆ ಓಡುತ್ತವೆ. ಒಂದು ಪ್ಯಾಕೇಜ್‌ನೊಳಗೆ ‘ಪ್ಯಾರಲಲ್’ ಎಂದು ಕರೆದ ಟೆಸ್ಟ್‌ಗಳು ಮಾತ್ರ ಜೊತೆಯಾಗಿ ಓಡುತ್ತವೆ. ಹಿಂದಿನ ಫಲಿತಾಂಶವನ್ನೇ ‘ಕ್ಯಾಶ್ಡ್’ ಎಂದು ತೋರಿಸಿ ಸುಮ್ಮನಾಗುವುದೂ ಉಂಟು, ‘-ಕೌಂಟ್=1’ ಕೊಟ್ಟರೆ ನಿಜವಾಗಿ ಓಡುತ್ತದೆ.

ರಸ್ಟ್‌ನಲ್ಲಿ ಎಲ್ಲವೂ ತಿರುಗುಮುರುಗು. ಒಂದು ಟೆಸ್ಟ್ ಬೈನರಿಯ ಟೆಸ್ಟ್‌ಗಳೆಲ್ಲ ಒಂದೇ ಪ್ರೋಸೆಸ್‌ನೊಳಗೆ ಹಲವು ಥ್ರೆಡ್‌ಗಳಲ್ಲಿ, ನೀವು ಕೇಳದೆಯೇ ಒಟ್ಟಿಗೆ ಓಡುತ್ತವೆ. ಪೈಥಾನ್‌ನಲ್ಲಿ ಜೆ ಹಾಕಿದ ಕೂಡಲೇ ಮಾಯವಾಗುತ್ತಿದ್ದ ಜಗಳಗಳು ಇಲ್ಲಿ ಜೀವಂತ: ಒಂದು ಟೆಸ್ಟ್ ಎನ್ವಿರಾನ್ಮೆಂಟ್ ವೇರಿಯಬಲ್ ಬದಲಾಯಿಸಿದರೆ ಪಕ್ಕದ ಟೆಸ್ಟಿಗೂ ಬದಲಾಗುತ್ತದೆ, ಒಂದು ಟೆಸ್ಟ್ ಡೈರೆಕ್ಟರಿ ಬದಲಿಸಿದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಅಲ್ಲಿ ಜೆ1ರ ಜಾಗದಲ್ಲಿ ‘--ಟೆಸ್ಟ್-ಥ್ರೆಡ್ಸ್=1’ ಬಳಸಿ. ಅದು ಪ್ರೋಸೆಸ್ ಬೇರ್ಪಡಿಸುವುದಿಲ್ಲ, ಸಾಲಿನಲ್ಲಿ ನಿಲ್ಲಿಸುತ್ತದೆ ಅಷ್ಟೇ. ಹಾಗಾಗಿ ಮೂರನೇ ಹಂತದ ನಾಲ್ಕು ಸಾಲುಗಳನ್ನು ಅಲ್ಲಿಗೆ ಹಾಗೆಯೇ ಒಯ್ಯುವಂತಿಲ್ಲ. ಒಂದು ಥ್ರೆಡ್‌ನಲ್ಲಿ ಪಾಸ್ ಆಗಿ ಎಂಟರಲ್ಲಿ ಬಿದ್ದರೆ ಪೋರ್ಟ್, ಫೈಲ್, ಸಮಯದ ಜೊತೆಗೆ ಪ್ರೋಸೆಸ್‌ನೊಳಗಿನ ಹಂಚಿಕೆಯ ವಸ್ತುಗಳನ್ನೂ ಅನುಮಾನದ ಪಟ್ಟಿಗೆ ಸೇರಿಸಿಕೊಳ್ಳಿ.